ಹಳೇ ನೀರು, ಹೊಸಾ ನೀರು

ಇಳಕಲ್ಲಿನ ಓಣಿಗಳಲ್ಲಿ ನೀರು ಯಾವತ್ತೂ ಬಹುವಚನ. ‘ನೀರು ಬಂತು’ ಎಂದು ಯಾರೂ ಅನ್ನುವುದಿಲ್ಲ, ‘ನೀರ ಬಂದಾವ್ರೀ’ ಅನ್ನುತ್ತಾರೆ. ಬೆಳಗಿನ ಜಾವ ಒಬ್ಬರು ಹಾಗೆ ಕೂಗಿದರೆ ಸಾಕು, ಇಡೀ ಓಣಿ ಎದ್ದುಬಿಡುತ್ತದೆ. ಮೋಟರು ಹಚ್ಚುವವರು, ಪೈಪು ಎಳೆಯುವವರು, ಕೊಡ ತಿಕ್ಕುವವರು. ಹೋದ ಬೇಸಿಗೆಯಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದಿದ್ದಾಗ ನಾನೂ ಆ ಗದ್ದಲಕ್ಕೆ ಎದ್ದು ಬಂದೆ. ಅತ್ತಿ ಹೊಸ ನೀರು ಹಿಡಿಯುವ ಮೊದಲು ಮನೆಯಲ್ಲಿದ್ದ ಹಳೆಯ ನೀರನ್ನು ಒಂದೊಂದಾಗಿ ಬಚ್ಚಲಿಗೆ ಸುರಿಯುತ್ತಿದ್ದಳು.

‘ಚಲೋ ನೀರ ಅದಾವಲ್ಲ ಅತ್ತಿ, ಯಾಕ ಚೆಲ್ಲಾಕತ್ತೀ?’

‘ನಾಕ ದಿನದ ಹಿಂದಿನವಪಾ ಅವು. ಹೊಸಾವು ಬಂದಾವಲ್ಲ.’

ಮೂರು ಹಿತ್ತಾಳಿ ಕೊಡ, ಅರ್ಧ ಹಂಡೆ, ನೀಲಿ ಬ್ಯಾರಲ್ಲಿನಲ್ಲಿ ಮೊಣಕಾಲುದ್ದ ಉಳಿದಿದ್ದ ನೀರು. ನನ್ನ ಅಂದಾಜಿನಲ್ಲಿ ನೂರೈವತ್ತು ಲೀಟರಿಗೆ ಕಡಿಮೆ ಇರಲಿಲ್ಲ. ಹಳ್ಳಿಯ ಮನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಸಿಗಬೇಕು ಎಂಬುದು 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನ ಲೆಕ್ಕ. ಆ ಲೆಕ್ಕ ಹಿಡಿದರೆ ಹತ್ತು ನಿಮಿಷದಲ್ಲಿ ಸುಮಾರು ಮೂರು ಜನರ ಒಂದು ದಿನದ ನೀರು ಬಚ್ಚಲ ಪಾಲಾಯಿತು. ಚೆಲ್ಲಿದವಳು ದುಂದುಗಾರ್ತಿಯೇನಲ್ಲ. ಉಳಿದ ನಾಲ್ಕು ದಿನ ಅಕ್ಕಿ ತೊಳೆದ ನೀರನ್ನು ಎಮ್ಮೆಗೆ ಇಟ್ಟು, ಬಟ್ಟೆ ಜಾಲಿಸಿದ ನೀರಿನಲ್ಲಿ ಅಂಗಳ ತೊಳೆದು, ಮುಸುರಿಯನ್ನು ಎರಡೇ ತಂಬಿಗೆಯಲ್ಲಿ ಮುಗಿಸುವ ಹೆಂಗಸು.

ಅದೇ ಓಣಿಯ ಶಾಲೆಯ ಗೋಡೆಯ ಮೇಲೆ ಮಕ್ಕಳು ಬಣ್ಣದಲ್ಲಿ ಬರೆದಿದ್ದಾರೆ: ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ, ಶವರ್ ಬಿಟ್ಟು ಬಕೆಟ್ ಬಳಸಿ. 1993ರಿಂದ ಪ್ರತಿ ಮಾರ್ಚ್ 22ನ್ನು ವಿಶ್ವ ಜಲ ದಿನ ಎಂದು ಆಚರಿಸುತ್ತಾರೆ. ಆ ದಿನದ ಭಾಷಣಗಳಲ್ಲಿ, ಪ್ರಬಂಧ ಸ್ಪರ್ಧೆಗಳಲ್ಲಿ, ಗೋಡೆಬರಹಗಳಲ್ಲಿ ನಾವು ಹೇಳುತ್ತ ಬಂದ ಈ ಉಪದೇಶವನ್ನು ಒಮ್ಮೆ ಒರೆಗೆ ಹಚ್ಚಿ ನೋಡಬೇಕು ಅನ್ನಿಸಿದ್ದು ಆ ಬೆಳಗಿನಲ್ಲಿ. ಅತ್ತಿಯ ಮನೆಯಲ್ಲಿ ಶವರ್ ಇಲ್ಲ, ವಾಷ್ ಬೇಸಿನ್ ಇಲ್ಲ. ಹಲ್ಲುಜ್ಜುವುದು ಒಂದು ತಂಬಿಗೆ ನೀರಿನಲ್ಲಿ, ಬಚ್ಚಲ ಕಟ್ಟೆಯ ಮೇಲೆ ಕುಳಿತು. ದಿನವಿಡೀ ನಲ್ಲಿ ಸುರಿಯುವ ಮನೆಗೆ ಹೇಳಿದ ಮಾತನ್ನು ನಾಲ್ಕು ದಿನಕ್ಕೊಮ್ಮೆ ನಳ ಬರುವ ಮನೆಯ ಗೋಡೆಗೆ ತಂದು ಬರೆದಿದ್ದೇವೆ. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಡಿದಾಗ ಅಲ್ಲಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು, ನಲ್ಲಿಗಳಿಗೆ ಹರಿವು ತಗ್ಗಿಸುವ ಏರೇಟರ್ ಹಾಕಿಸಿತು. ಅಲ್ಲಿ ಅದು ಸರಿಯಾದ ಕ್ರಮ, ಒತ್ತಡವಿರುವ ನಲ್ಲಿಗೆ ಏರೇಟರ್ ನಿಜವಾಗಿ ಕೆಲಸ ಮಾಡುತ್ತದೆ. ಇಲ್ಲಿ ಮೋಟರು ಹಚ್ಚಿ ಜಗ್ಗಿದರೂ ಕಿರುಬೆರಳಿನಷ್ಟು ಬರುವ ನಳಕ್ಕೆ ಅದರಿಂದ ಏನು?

ಇಲ್ಲಿ ನೀರು ಪೋಲಾಗುವುದು ಭಯದಿಂದ. ಯಾವಾಗ ಬರುತ್ತದೋ ಗೊತ್ತಿಲ್ಲ, ಆದ್ದರಿಂದ ಸಿಕ್ಕ ಪಾತ್ರೆಗೆಲ್ಲ ತುಂಬಿಸಿಡಬೇಕು. ನಾಳೆಯೇ ಬರದಿದ್ದರೆ ಎಂದು ಕೈ ಬಿಗಿ ಹಿಡಿದು ಬಳಸಬೇಕು. ಬಂದುಬಿಟ್ಟರೆ ಉಳಿದದ್ದನ್ನು ಚೆಲ್ಲಿ ಪಾತ್ರೆ ಖಾಲಿ ಮಾಡಬೇಕು. ಇದರ ಜೊತೆಗೆ ತಿರುಪಿಲ್ಲದ ನಳದ ಕಷ್ಟ. ಮೋಟರಿನ ಪೈಪು ಸಿಕ್ಕಿಸಲು ನಲ್ಲಿಯನ್ನೇ ಬಿಚ್ಚಿರುತ್ತಾರೆ. ಎಲ್ಲ ತುಂಬಿದ ಮೇಲೆ ಪೈಪು ಗಟಾರಕ್ಕೆ ಬೀಳುತ್ತದೆ, ನೀರು ನಿಲ್ಲುವವರೆಗೂ ಹರಿಯುತ್ತದೆ. ಮಾಳಿಗೆಯ ಮೇಲಿನ ಸಿಂಟೆಕ್ಸಿಗೆ ಬಾಲ್ ವಾಲ್ವ್ ಇಲ್ಲದಿದ್ದರೆ ಗೋಡೆಗುಂಟ ಇಳಿಯುವ ನೀರೇ ಗಡಿಯಾರ: ಅದನ್ನು ಕಂಡಾಗ ಮೋಟರು ಬಂದ್ ಮಾಡುತ್ತಾರೆ.

ಹಳೇ ನೀರು ಚೆಲ್ಲುವ ರೂಢಿ ಪೂರ್ತಿ ತಪ್ಪು ಎಂದು ನಾನು ಹೇಳಲಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ವಾರ, ಹತ್ತು ದಿನ ಸಾಕು. ಅದಕ್ಕೆ ಬೇಕಾದದ್ದು ಇಂಥ ಬ್ಯಾರಲ್ಲುಗಳೇ. ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ, ಒಳಗೋಡೆ ತಿಕ್ಕಿ ಒಣಗಿಸಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಆದರೆ ಬರಿದು ಮಾಡುವುದು ಬೇರೆ, ಬಚ್ಚಲಿಗೆ ಸುರಿಯುವುದು ಬೇರೆ. ಮುಚ್ಚಳ ಹಾಕಿಟ್ಟ, ಕೈ ಅದ್ದದೆ ಹಿಡಿಕೆಯ ಸೌಟಿನಿಂದ ತೆಗೆದ ನೀರು ನಾಲ್ಕು ದಿನಕ್ಕೆ ಕೆಡುವುದಿಲ್ಲ. ಕುಡಿಯಲು ಮನಸ್ಸು ಒಪ್ಪದಿದ್ದರೆ ಅದೇ ನೀರು ಸ್ನಾನಕ್ಕೆ, ಒಗೆಯಲು, ಶೌಚಕ್ಕೆ ಆಗುತ್ತದೆ. ನಮ್ಮ ಗೋಡೆಬರಹಗಳಲ್ಲಿ ಈ ಒಂದು ಮಾತು ಮಾತ್ರ ನನಗೆ ಎಲ್ಲಿಯೂ ಕಾಣಲಿಲ್ಲ.

ನೀರನ್ನು ವಿಂಗಡಿಸುವುದು ಈ ಸೀಮೆಯ ಹೆಂಗಸರಿಗೆ ಹೊಸದಲ್ಲ. ಸೀ ನೀರು ಬೇರೆ, ಸವಳು ನೀರು ಬೇರೆ. ಗ್ರಾನೈಟ್ ಬಂಡೆಯ ಬಿರುಕಿನಿಂದ ಬರುವ ಬೋರಿನ ನೀರು ಹಲವು ಕಡೆ ಗಡಸು, ಹುನಗುಂದ ಸೀಮೆಯ ಎಷ್ಟೋ ಊರುಗಳಲ್ಲಿ ಫ್ಲೋರೈಡ್ ಕೂಡ ಹೆಚ್ಚು. ಸವಳಿನಲ್ಲಿ ತೊಗರಿಬ್ಯಾಳಿ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಬಟ್ಟೆಯನ್ನು ಮತ್ತೆ ಮತ್ತೆ ಜಾಲಿಸಬೇಕಾಗುತ್ತದೆ. ಗಡಸು ನೀರು ತಾನೇ ಒಂದು ಪೋಲು ಎಂಬುದು ಇದರಲ್ಲೇ ಇದೆ. ಕುಡಿಯಲು ಇರುವುದು ಶುದ್ಧ ನೀರಿನ ಘಟಕ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಮುಂದಿನ ನಳವನ್ನು ನೋಡುತ್ತಾರೆ, ಹಿಂದಿನ ಪೈಪನ್ನು ನೋಡುವುದಿಲ್ಲ. ಆರ್‌ಓ ಯಂತ್ರ ಒಂದು ಕ್ಯಾನು ಕೊಡಲು ಸಾಮಾನ್ಯವಾಗಿ ಅಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ನೀರನ್ನು ಹೊರಗೆ ತಳ್ಳುತ್ತದೆ. ಆ ನೀರಿನಲ್ಲಿ ಉಪ್ಪು, ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತವೆ, ಕುಡಿಯಲು, ಅಡಿಗೆಗೆ ಸಲ್ಲ. ನೆಲ ಒರೆಸಲು, ಶೌಚಾಲಯ ತೊಳೆಯಲು ಧಾರಾಳ ಸಾಕು. ಘಟಕದ ಹಿಂದೆ ಒಂದು ತೊಟ್ಟಿ, ಅದಕ್ಕೊಂದು ನಲ್ಲಿ ಇಟ್ಟರೆ ಆಯಿತು.

ಬಚ್ಚಲ ನೀರನ್ನು ಇಂಗಿಸುವ ಗುಂಡಿಗಳ ಬಗ್ಗೆಯೂ ಒಂದು ಮಾತು. ಉದ್ಯೋಗ ಖಾತ್ರಿಯಲ್ಲಿ ಹಳ್ಳಿಗಳಲ್ಲಿ ಬಹಳ ತೋಡಿದ್ದಾರೆ. ಕೆಂಪು ಮಸಾರಿ ನೆಲದಲ್ಲಿ ಒಳ್ಳೆಯ ಕೆಲಸ. ಎರಿ ಭೂಮಿಯಲ್ಲಿ ಅದೇ ಅಳತೆಯ ಗುಂಡಿ ಸೋಲುತ್ತದೆ, ನೆನೆದ ಎರಿಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ನೀರು ನಿಂತು ಸೊಳ್ಳೆಯಾಗುತ್ತದೆ. ಅಂಥಲ್ಲಿ ಗುಂಡಿಗಿಂತ ಬಾಳೆ, ಕರಿಬೇವಿನ ಬುಡಕ್ಕೆ ಹರಿಯುವ ಸಣ್ಣ ಕಾಲುವೆ ಲೇಸು. ಒಂದೇ ನಕ್ಷೆಯನ್ನು ಎಲ್ಲ ನೆಲಕ್ಕೆ ಹಾಕುವುದು ಒಂದೇ ಗೋಡೆಬರಹವನ್ನು ಎಲ್ಲ ಊರಿಗೆ ಬರೆದ ಹಾಗೆಯೇ.

ಇನ್ನು ಮಳೆ. ಇಳಕಲ್ಲು ಇರುವ ಬಾಗಲಕೋಟೆ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 550ರಿಂದ 600 ಮಿಲಿಮೀಟರ್, ಸೆಪ್ಟೆಂಬರಿನಲ್ಲಿ ಅದರ ದೊಡ್ಡ ಪಾಲು. ಇಷ್ಟರಲ್ಲಿ ಏನಾದೀತು ಎನ್ನುವವರು ಬಾದಾಮಿಗೆ ಹೋಗಿ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಒಂದು ಹೊತ್ತು ಕೂರಬೇಕು. ಮಳೆ ಹೊಡೆದಾಗ ಕೆಂಪು ಬಂಡೆಗಳಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ, ಸುತ್ತಲ ಗುಡ್ಡದ ನೀರೆಲ್ಲ ಕೆರೆಗೆ ಇಳಿಯುತ್ತದೆ. ಚಾಲುಕ್ಯರ ಊರಿಗೆ ಇಡೀ ಗುಡ್ಡವೇ ಮಾಳಿಗೆ, ಕೆರೆಯೇ ತೊಟ್ಟಿ. ಇವತ್ತಿಗೂ ಹೆಂಗಸರು ಆ ಮೆಟ್ಟಿಲ ಮೇಲೆ ಬಟ್ಟೆ ಸೆಳೆಯುತ್ತಾರೆ.

ಮನೆಯ ಲೆಕ್ಕ ಇನ್ನೂ ಸರಳ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಇಪ್ಪತ್ತು-ಮೂವತ್ತು ಅಡಿಯ ಮಾಳಿಗೆ ಸುಮಾರು 55 ಚದರ ಮೀಟರ್. 20 ಮಿಲಿಮೀಟರಿನ ಒಂದೇ ಮಳೆಗೆ 1,100 ಲೀಟರ್ ಬೀಳುತ್ತದೆ. ಮೊದಲ ಕೊಳೆ ನೀರು, ಸೋರಿದ್ದು, ಆರಿದ್ದು ಕಳೆದರೂ ಎಂಟುನೂರು-ಒಂಬೈನೂರು ಉಳಿಯುತ್ತದೆ. ವರ್ಷವೆಲ್ಲ ಸಾಲುವುದಿಲ್ಲ, ಹಾಗೆ ಆಸೆ ಹಚ್ಚುವುದೂ ತಪ್ಪು. ಆದರೆ ಆ ನೀರಿಗೆ ಗಡಸಿಲ್ಲ, ನೆಲದ ಫ್ಲೋರೈಡಿನ ಕಾಟವಿಲ್ಲ. ಮಳೆ ನೀರಿನಲ್ಲಿ ಬ್ಯಾಳಿ ಬೇಗ ಬೇಯುತ್ತದೆ ಎಂದು ನಾನು ಹೇಳಿದಾಗ ಅತ್ತಿ ಮೊದಲ ಸಲ ನನ್ನ ಮಾತಿಗೆ ಕಿವಿಗೊಟ್ಟಳು. ಮಾಳಿಗೆಯ ದೋಣಿಯ ಬಾಯಿಗೆ ಒಂದು ಪೈಪು ಹಚ್ಚಲು ಎಷ್ಟು ಖರ್ಚು ಎಂದು ಕೇಳಿದಳು. ‘ಜೀವಜಲ’ ಎನ್ನುವ ದೊಡ್ಡ ಮಾತಿನಿಂದ ಆಗದ್ದು ಬ್ಯಾಳಿಯಿಂದ ಆಯಿತು.

ನಮ್ಮ ಹುನಗುಂದ ಸೀಮೆಯ ಹೊಲಗಳಿಗೆ ಕೃಷ್ಣೆಯ ನೀರನ್ನು ಎತ್ತಿ ಹನಿಹನಿಯಾಗಿ ಕೊಡಲೆಂದು ರೂಪಿಸಿದ ರಾಮಥಾಳ-ಮರೋಳ ಯೋಜನೆ 24 ಸಾವಿರ ಹೆಕ್ಟೇರಿನದು, ಏಷ್ಯಾದಲ್ಲೇ ದೊಡ್ಡದೆಂದು ಹೆಸರು ಪಡೆದದ್ದು. ಹೊಲಕ್ಕೆ ಹನಿ ಲೆಕ್ಕ ಹಾಕಬಲ್ಲ ಕಾಲದಲ್ಲಿ ಮನೆಯ ನಳಕ್ಕೆ ಒಂದು ಹೊತ್ತು ಗೊತ್ತು ಮಾಡಲಾಗದೆ? ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ಮೀಟರ್ ಹಾಕಿ ದಿನವಿಡೀ ನೀರು ಕೊಡಲು ಶುರು ಮಾಡಿದರು. ನಲ್ಲಿ ತಿರುಗಿಸಿದರೆ ನೀರು ಬರುವ ಮನೆಯಲ್ಲಿ ಹಳೇ ನೀರು ಎಂಬುದೇ ಇರುವುದಿಲ್ಲ, ಚೆಲ್ಲುವುದೂ ಇರುವುದಿಲ್ಲ. ನಮ್ಮ ಓಣಿಗೆ ಅದು ಬರುವವರೆಗೆ ಅದಕ್ಕಿಂತ ಬಹಳ ಸಣ್ಣದೊಂದು ಸಾಕು: ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ತಾಸು ನೀರು ಬಿಡುತ್ತಾರೆಂದು ಓಣಿಯ ಬಾಯಲ್ಲಿ ಬರೆದು ಹಾಕುವುದು, ಬರೆದಂತೆ ಬಿಡುವುದು. ದಿನ ಗೊತ್ತಿದ್ದರೆ ಹಿಂದಿನ ದಿನವೇ ಒಗೆಯುವುದು, ತೊಳೆಯುವುದು ಮುಗಿಸಿ ಪಾತ್ರೆ ಬರಿದು ಮಾಡುವ ಜಾಣತನ ಅತ್ತಿಗೆ ಬೇಕಾದಷ್ಟಿದೆ.

ನೀರು ಬಿಡುವವರಲ್ಲಿ ನನ್ನ ಬೇಡಿಕೆ ಅಷ್ಟೇ. ನಮ್ಮ ಅವ್ವಂದಿರು, ಅಕ್ಕಂದಿರಲ್ಲಿ ಇನ್ನೊಂದಿದೆ: ಮುಂದಿನ ಸಲ ‘ನೀರ ಬಂದಾವ್ರೀ’ ಎಂಬ ಕೂಗು ಕೇಳಿದಾಗ ಹಳೇ ನೀರನ್ನು ಚೆಲ್ಲಬೇಡಿರಿ, ಒಂದು ಬ್ಯಾರಲ್ಲಿಗೆ ಕೂಡಿಹಾಕಿ, ಮುಚ್ಚಿ, ಆ ದಿನದ ಒಗೆತಕ್ಕೆ ಅದನ್ನೇ ಮೊದಲು ತೆಗೆಯಿರಿ.