ಪಯಣದಲ್ಲಿ ಪಥ್ಯ

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಹೊಸಪೇಟೆ ಕೇಂದ್ರವಾದ ವಿಜಯನಗರ ಜಿಲ್ಲೆಯ ಪಾಲಾಯಿತು. ಈ ಸ್ಥಾನಾಂತರಗಳ ನಡುವೆ ಕಿಂಚಿತ್ತೂ ಬದಲಾಗದೆ ಉಳಿದುದೆಂದರೆ, ಕಡತಗಳ ಚೀಲವನ್ನು ಹೆಗಲಿಗೇರಿಸಿಕೊಂಡು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಮಧ್ಯೆ ಬಸ್ಸಿನಲ್ಲಿ ಅಲೆಯುವ ನೌಕರವರ್ಗದ ಪಾಡು. ಇದೇ ತಾಲ್ಲೂಕಿನ ಚಿಗಟೇರಿಯಲ್ಲಿ ನಾರದಮುನಿಯ ದೇವಾಲಯವಿರುವುದು ಅಂಥವರ ಪಾಲಿಗೆ ಒಂದು ಸಮಾಧಾನವೆನ್ನಬೇಕು. ದಕ್ಷನ ಶಾಪದಿಂದ ಎಲ್ಲಿಯೂ ನೆಲೆನಿಲ್ಲದೆ ಸಂಚರಿಸುವುದೇ ಆ ಋಷಿಯ ಉದ್ಯೋಗವಾಯಿತಷ್ಟೆ. ದಾರಿಯಲ್ಲಿ ಆತನ ಊಟದ ವ್ಯವಸ್ಥೆ ಹೇಗಿತ್ತೆಂಬುದನ್ನು ನಮ್ಮ ಪೌರಾಣಿಕರು ಅಷ್ಟಾಗಿ ವಿಚಾರಿಸಿದಂತೆ ಕಾಣದು.

ಮಾಂಸವನ್ನಲ್ಲದೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುಗಳನ್ನೂ ವರ್ಜಿಸುವ ವೀಗನ್ ಪಥ್ಯವನ್ನು ಹಿಡಿದು, ನಿತ್ಯದ ವ್ಯಾಯಾಮವನ್ನೂ ತಪ್ಪಿಸದೆ, ಉದ್ಯೋಗನಿಮಿತ್ತ ಈ ಸೀಮೆಗೆ ಬರುವ ನಗರವಾಸಿಗಳು ಈಚೆಗೆ ಕಾಣಸಿಗುತ್ತಾರೆ. ಬೆಂಗಳೂರಿನಿಂದ ಹೊರಡುವಾಗಲೇ ಸಸಾರಜನಕದ ಪುಡಿಯ ಡಬ್ಬಿಗಳನ್ನೂ ಬಾದಾಮಿ ಹಾಲಿನ ಪೊಟ್ಟಣಗಳನ್ನೂ ಹೊತ್ತು ತರುವ ಇವರ ಸಿದ್ಧತೆಯನ್ನು ನೋಡಿದರೆ, ಜೋಳದ ನಾಡಿಗಲ್ಲ, ಯಾವುದೋ ನಿರ್ಜನ ಮರುಭೂಮಿಗೆ ಹೊರಟವರೆಂದು ತೋರುತ್ತದೆ. ಈ ಆಚರಣೆಯ ನೈತಿಕ ಮೂಲವನ್ನು ನಾನು ಗೌರವಿಸುತ್ತೇನೆ. ನನ್ನ ಆಕ್ಷೇಪವಿರುವುದು ಅದರ ಕಣ್ಣಿಗೆ ಕಟ್ಟಿದ ಪರೆಯ ಬಗ್ಗೆ. ತಿಂಗಳಾದರೂ ಕೆಡದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ, ಅಗಸೆಪುಡಿ: ಈ ಬುತ್ತಿಯನ್ನು ಕಟ್ಟಿಕೊಂಡು ಇಲ್ಲಿನ ಜನ ತಲೆಮಾರುಗಳಿಂದ ಜಾತ್ರೆಗೂ ಸಂತೆಗೂ ಪರಸ್ಥಳದ ಕೂಲಿಗೂ ಹೋಗಿಬಂದಿದ್ದಾರೆ, ಮತ್ತು ಅದರಲ್ಲಿ ಪ್ರಾಣಿಜನ್ಯವಾದುದು ಲೇಶಮಾತ್ರವೂ ಇಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಅಷ್ಟೇ ಶೇಂಗಾದಲ್ಲಿ ಸುಮಾರು 25 ಗ್ರಾಂ ಸಸಾರಜನಕವುಂಟು. ಜೋಳದಲ್ಲಿ ಕಡಮೆಯಾದ ಲೈಸಿನ್ ಎಂಬ ಅಂಶವನ್ನು ಖಾನಾವಳಿಯ ಹೆಸರುಕಾಳು, ಮಡಿಕೆಕಾಳುಗಳ ಪಲ್ಯ ತುಂಬಿಕೊಡುತ್ತದೆ. ಚಟ್ನಿಪುಡಿಯ ಮೇಲೆ ಮೊಸರಿನ ಬದಲು ಶೇಂಗಾ ಎಣ್ಣೆ ಹಾಕಿರೆಂದರೆ ಬಡಿಸುವವನು ಹುಬ್ಬೇರಿಸುವುದೂ ಇಲ್ಲ.

ಆದರೆ ಹಾಲಿಲ್ಲದ ಮಾತ್ರಕ್ಕೆ ಆಹಾರವು ಆರೋಗ್ಯಕರವಾಗುವುದೆಂಬ ಭ್ರಾಂತಿಯೂ ಬೇಡ. ಒಗ್ಗರಣೆ ಮಂಡಕ್ಕಿಯ ಜೊತೆಗೆ ಬರುವ ಮಿರ್ಚಿ ಈ ವ್ರತಕ್ಕೆ ಎಳ್ಳಷ್ಟೂ ಭಂಗ ತಾರದು. ದಿನವೂ ಸಂಜೆ ಬಸ್ ನಿಲ್ದಾಣದಲ್ಲಿ ಅದನ್ನೇ ಆಶ್ರಯಿಸಿದವನ ಹೊಟ್ಟೆ ಏನು ಹೇಳುವುದೆಂಬುದು ಬೇರೆ ಮಾತು.

ಉದ್ಯೋಗ, ಪ್ರಯಾಣ, ಕ್ಷೀರತ್ಯಾಗ ಈ ಮೂರೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿ ಕಠಿಣ ಪರೀಕ್ಷೆಗೆ ಒಳಗಾದ ದೃಷ್ಟಾಂತವನ್ನು ನಾವು ದೂರ ಹುಡುಕಬೇಕಾಗಿಲ್ಲ. ಯಾರ ಚಿತಾಭಸ್ಮದ ಸ್ಮಾರಕ ಕೂಡ್ಲಿಗಿಯಲ್ಲಿದೆಯೋ ಆ ಗಾಂಧೀಜಿಯವರ ಆತ್ಮಕಥೆಯಲ್ಲೇ ಅದು ದೊರೆಯುತ್ತದೆ. ವೀಗನ್ ಎಂಬ ಹೆಸರನ್ನು ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಆತನ ಸಂಗಡಿಗರು ಚಾಲ್ತಿಗೆ ತಂದದ್ದು 1944ರಲ್ಲಿ. ಅದಕ್ಕೆ ಮೂರು ದಶಕಗಳಿಗೂ ಹಿಂದೆ, 1912ರಲ್ಲಿ, ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಆಶ್ರಮದಲ್ಲಿ ಗಾಂಧೀಜಿ ತಮ್ಮ ಮಿತ್ರ ಕ್ಯಾಲನ್‌ಬಾಕ್ ಜೊತೆಗೂಡಿ ಹಾಲನ್ನು ತೊರೆದಿದ್ದರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸುವ ಕಾರ್ಯಕ್ಕಾಗಿ, ಬಂಡಿ ಸಿಗದೆಡೆ ಒಮ್ಮೊಮ್ಮೆ ದಿನಕ್ಕೆ ಇಪ್ಪತ್ತು ಮೈಲಿಗಳವರೆಗೆ ನಡೆಯುತ್ತ, ಮುಖ್ಯವಾಗಿ ಶೇಂಗಾದ ಬೆಣ್ಣೆ ಮತ್ತು ನಿಂಬೆಹಣ್ಣುಗಳನ್ನೇ ನೆಚ್ಚಿಕೊಂಡು ಓಡಾಡಿದ ಅವರು, ಭೇದಿಯಿಂದ ಹಾಸಿಗೆ ಹಿಡಿದು, ಸಾವಿನ ಬಾಗಿಲನ್ನು ಕಂಡು, ಕಡೆಗೆ ತಮ್ಮ ಪ್ರತಿಜ್ಞೆ ಆಕಳು, ಎಮ್ಮೆಗಳ ಹಾಲಿಗೆ ಮಾತ್ರ ಅನ್ವಯಿಸುವುದೆಂಬ ಕಸ್ತೂರ್‌ಬಾ ಅವರ ವಾದಕ್ಕೆ ಮಣಿದು ಆಡಿನ ಹಾಲನ್ನು ಸ್ವೀಕರಿಸಿದರು. ಅಕ್ಷರ ಉಳಿಯಿತು, ಆಶಯ ಮುರಿಯಿತೆಂಬ ಕೊರಗು ಅವರನ್ನು ಬಿಡಲಿಲ್ಲ.

ಈ ಪ್ರಸಂಗವನ್ನು ಕ್ಷೀರತ್ಯಾಗದ ಸೋಲೆಂದು ಎತ್ತಿ ತೋರಿಸುವವರುಂಟು. ನನಗೆ ಹಾಗೆ ಕಾಣದು. ಇಪ್ಪತ್ತು ಮೈಲಿ ನಡೆದ ದೇಹಕ್ಕೆ ಕಾಳೂ ಧಾನ್ಯವೂ ಸಮಪ್ರಮಾಣದಲ್ಲಿ ದೊರೆಯದೆ, ಎಣ್ಣೆಯ ಭಾರವುಳ್ಳ ಒಂದೇ ಬೀಜ ಮಿತಿಮೀರಿ ದೊರೆತದ್ದೇ ಅಲ್ಲಿನ ದೋಷವೆಂದು ತೋರುತ್ತದೆ; ಮಿತಿಮೀರಿ ತಿಂದೆನೆಂದು ಅವರೇ ಒಪ್ಪಿಕೊಂಡಿದ್ದಾರೆ. ಇನ್ನೊಂದು ಕೊರತೆಯನ್ನಂತೂ ಅಂದು ಅರಿಯುವ ಉಪಾಯವೇ ಇರಲಿಲ್ಲ: ಬಿ12 ಜೀವಸತ್ವವನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1948ರಲ್ಲಿ, ಗಾಂಧೀಜಿ ತೀರಿಕೊಂಡ ವರ್ಷ. ಸಸ್ಯಗಳಲ್ಲಿ ಅದು ನೆಚ್ಚಿಕೊಳ್ಳುವಷ್ಟು ಸಿಗದು; ನಮ್ಮ ಸಸ್ಯಾಹಾರಿಗಳಿಗೆ ಮೊಸರು, ಮಜ್ಜಿಗೆಗಳೇ ಅದನ್ನು ಸದ್ದಿಲ್ಲದೆ ಒದಗಿಸುತ್ತಿದ್ದವು. ಆದುದರಿಂದ ಪ್ರವಾಸಿಯ ಚೀಲದಲ್ಲಿ ಆ ದುಬಾರಿ ಡಬ್ಬಿಗಳಿಗಿಂತ ಬಿ12 ಗುಳಿಗೆಯ ಒಂದು ಪಟ್ಟಿಯೇ ಹೆಚ್ಚು ಅವಶ್ಯವಾದುದು.

ವ್ಯಾಯಾಮದ ವಿಷಯದಲ್ಲಿ ಹೇಳಬೇಕಾದುದು ಅಲ್ಪ. ವಸತಿಗೃಹದಲ್ಲಿ ಯಂತ್ರೋಪಕರಣಗಳ ಕೋಣೆಯಿಲ್ಲವೆಂದು ಪೇಚಾಡುವವರು, ದಾವಣಗೆರೆಯ ಗರಡಿಮನೆಗಳಲ್ಲಿ ಪೈಲ್ವಾನರು ದಂಡ, ಬಸ್ಕಿಗಳಿಂದಲೇ ಮೈಕಟ್ಟಿದುದನ್ನು ನೆನೆಯಬೇಕು. ಅದಕ್ಕೆ ಬೇಕಾದುದು ಮಂಚ ಮತ್ತು ಗೋಡೆಗಳ ನಡುವಿನ ಆರಡಿ ನೆಲ. ವಾರಕ್ಕೆ 150 ನಿಮಿಷಗಳ ಮಧ್ಯಮಶ್ರಮ, ಎರಡು ದಿನ ಸ್ನಾಯುಬಲದ ಅಭ್ಯಾಸ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ವಿಧಿ, ಗುರುಬಸವೇಶ್ವರನ ರಥೋತ್ಸವಕ್ಕಾಗಿ ದಾವಣಗೆರೆಯಿಂದ ಕೊಟ್ಟೂರಿಗೆ ಕಾಲ್ನಡೆಯಲ್ಲೇ ಹೋಗುವ ಭಕ್ತರಿಗೆ ನಗೆ ತರಿಸೀತು. ಚೈತ್ರ, ವೈಶಾಖಗಳಲ್ಲಿ ಮಾತ್ರ ಇಲ್ಲಿನ ಬಿಸಿಲನ್ನು ಲಘುವಾಗಿ ಎಣಿಸಲಾಗದು. ಬೆಳಗಿನ ಏಳರೊಳಗೆ ನಡಿಗೆ ಮುಗಿಯದಿದ್ದರೆ ಆ ದಿನ ಅದನ್ನು ಕೈಬಿಡುವುದೇ ಲೇಸು.

ನಿಜವಾದ ತೊಡಕಿರುವುದು ಆತಿಥ್ಯದಲ್ಲಿ. ಹೊಲದ ಅಳತೆಗೋ ಸಾಲದ ತನಿಖೆಗೋ ಬಂದವನಿಗೆ ರೈತನ ಮನೆಯಲ್ಲಿ ಮೊದಲು ಬರುವುದು ಹಾಲು ಬೆರೆತ ಚಹ. ಅದನ್ನು ಒಲ್ಲೆನೆಂದರೆ ಮಜ್ಜಿಗೆಯ ತಂಬಿಗೆ. ಅದನ್ನೂ ನಿರಾಕರಿಸಿದಾಗ ಆ ಮನೆಯ ಗೃಹಿಣಿ ಕಾಣುವುದು ಪ್ರಾಣಿದಯೆಯನ್ನಲ್ಲ. ತನ್ನ ಮನೆಯ ನೀರು ಮುಟ್ಟದಿದ್ದವರ ಹಳೆಯ ತಿರಸ್ಕಾರವನ್ನು. ಜಾತಿಯ ನೆನಪು ಇನ್ನೂ ಆರದ ಹಳ್ಳಿಗಳಲ್ಲಿ ಈ ಅಪಾರ್ಥವನ್ನು ಅವಳ ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಎಮ್ಮೆಯೊಂದನ್ನು ಸಾಕಿ ಮಕ್ಕಳ ಶಾಲೆಯ ಖರ್ಚನ್ನು ತೂಗಿಸುವವಳ ಎದುರಿನಲ್ಲಿ ಹೈನುಗಾರಿಕೆಯ ಕ್ರೌರ್ಯವನ್ನು ಕುರಿತು ಪ್ರವಚನಕ್ಕೆ ತೊಡಗುವವನ ಪಥ್ಯ ಎಷ್ಟೇ ನಿರ್ದುಷ್ಟವಾಗಿರಲಿ, ಅವನ ನಡತೆಯನ್ನು ನಾನು ಮೆಚ್ಚಲಾರೆ. ಹಿಂದಿನ ದಿನವೇ ದೂರವಾಣಿಯಲ್ಲಿ, ನನಗೆ ಹಾಲು ಮೊಸರು ಆಗುವುದಿಲ್ಲ, ರೊಟ್ಟಿ ಪಲ್ಯವಿದ್ದರೆ ಉಣ್ಣುತ್ತೇನೆ ಎಂದು ತಿಳಿಸಿ, ಹೋದೊಡನೆ ತಾನಾಗಿ ಒಂದು ಲೋಟ ನೀರನ್ನು ಕೇಳಿ ಕುಡಿದವನಿಗೆ, ಹಸಿ ಶೇಂಗಾ ಸುಲಿಯುತ್ತ ಜಗಲಿಯ ಮೇಲೆ ಮಾತಿಗೆ ಕುಳಿತುಕೊಳ್ಳಲು ಈ ಸೀಮೆಯಲ್ಲಿ ಯಾರ ಅಡ್ಡಿಯೂ ಇರುವುದಿಲ್ಲ.