ಯಾರ ಮಾತಿಗೆ ಯಾವ ಪದ?

ಮಾತು, ವಾದ, ಮನವೊಲಿಕೆ ಕುರಿತ ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳನ್ನು ಪಟ್ಟಿ ಮಾಡಿ ನಮ್ಮ ಹುಡುಗರಿಗೆ ಉರು ಹೊಡೆಸುವ ಪುಸ್ತಕಗಳು ಬೇಕಾದಷ್ಟಿವೆ. ಎಲೊಕ್ವೆಂಟ್ ಅಂದರೆ ವಾಗ್ಮಿ, ಹರಾಂಗ್ ಅಂದರೆ ಅಬ್ಬರದ ಭಾಷಣ, ಶ್ರಿಲ್ ಅಂದರೆ ಕೀರಲು. ಅರ್ಥ ಬರೆದುಕೊಂಡರೆ ಮುಗಿಯಿತು. ಯಾರ ಮಾತಿಗೆ ಯಾವ ಪದ ಅಂಟಿಸುತ್ತಾರೆ ಅಂತ ಮಾತ್ರ ಆ ಪುಸ್ತಕಗಳು ಹೇಳುವುದಿಲ್ಲ. ನಮ್ಮ ತಕರಾರು ಇರುವುದು ಅಲ್ಲೇ.

ಪರ್ಸುವೇಡ್ ಅನ್ನುವ ಪದವನ್ನೇ ತಗೊಳ್ಳಿ. ಅದರ ಲ್ಯಾಟಿನ್ ಬೇರೂ ಸಂಸ್ಕೃತದ 'ಸ್ವಾದು'ವೂ ಒಂದೇ ಮೂಲದವು ಎನ್ನುತ್ತದೆ ಭಾಷಾಶಾಸ್ತ್ರ. ಅಂದರೆ ಒಪ್ಪಿಸುವುದೆಂದರೆ ಸಿಹಿ ಮಾಡಿ ಉಣಿಸುವುದು. ಹೊಟ್ಟೆ ತುಂಬಿದವರ ಮಾತುಕತೆಗೆ ಇದು ಸರಿ. ಬಾವಿ ಹತ್ತಿರ ಬಿಡಿಸಿಕೊಳ್ಳದವನು ತನ್ನ ನೀರಡಿಕೆಯನ್ನೂ ಸಿಹಿ ಮಾಡಿಯೇ ಹೇಳಬೇಕೆ? ಡೆಮಗಾಗ್ ಎಂಬ ಗ್ರೀಕ್ ಪದಕ್ಕೆ ಮೂಲದಲ್ಲಿ ಜನರ ಮುಂದಾಳು ಎಂದಷ್ಟೇ ಅರ್ಥ. ಜನರ ಮುಂದಾಳತ್ವ ಸಹಿಸದ ಉಳ್ಳವರ ಬಾಯಲ್ಲಿ ಅದು ಬೈಗುಳವಾಯಿತು. ಅರಿಸ್ಟಾಟಲ್ ಮನವೊಲಿಕೆಗೆ ಮೂರು ದಾರಿ ಹೇಳಿದ: ತರ್ಕ, ಕೇಳುವವರ ಭಾವನೆ, ಆಡುವವನ ಶೀಲ. ಆ ಶೀಲದ ಮೇಲಿನ ನಂಬಿಕೆ ಮಾತಿನಿಂದಲೇ ಹುಟ್ಟಬೇಕು, ಮೊದಲೇ ಇದ್ದ ಅಭಿಪ್ರಾಯದಿಂದಲ್ಲ ಎಂದೂ ಹೇಳಿದ. ಬಾಯಿ ತೆರೆಯುವ ಮೊದಲೇ 'ಯಾವ ಕೇರಿ?' ಅಂತ ಕೇಳುವ ಊರಿನಲ್ಲಿ ಈ ಮೂರನೆಯ ದಾರಿಗೆ ಮುಳ್ಳುಬೇಲಿ ಹಾಕಿದೆ.

ಈ ಬೇಲಿ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ಫ್ರೆಡರಿಕ್ ಡಗ್ಲಾಸ್ ಗುಲಾಮನಾಗಿ ಹುಟ್ಟಿದವನು. ಅವನು ಓದು ಕಲಿಯುವುದನ್ನು ಧಣಿ ನಿಲ್ಲಿಸಿದ. ಹುಡುಗ ಕದ್ದು ಕಲಿತ. ಸುಮಾರು 12ನೇ ವಯಸ್ಸಿನಲ್ಲಿ, ಬೂಟಿಗೆ ಮಸಿ ಬಳಿದು ಗಳಿಸಿದ 50 ಸೆಂಟ್ ಕೊಟ್ಟು 'ದಿ ಕೊಲಂಬಿಯನ್ ಆರೇಟರ್' ಎಂಬ ಭಾಷಣಗಳ ಪಠ್ಯ ಕೊಂಡ. ಅದರಲ್ಲಿ ಓಡಿಹೋಗಿ ಸಿಕ್ಕಿಬಿದ್ದ ಗುಲಾಮನೊಬ್ಬ ಧಣಿಯ ಜೊತೆ ವಾದ ಮಾಡಿ, ಗೆದ್ದು, ಬಿಡುಗಡೆ ಪಡೆಯುವ ಸಂವಾದವಿತ್ತು. ಪುಸ್ತಕದ ಧಣಿ ವಾದಕ್ಕೆ ಸೋತ. ನಿಜದ ಧಣಿಗಳು ವಾದಕ್ಕೆ ಸೋಲುವವರಲ್ಲ. ಡಗ್ಲಾಸ್ 1838ರಲ್ಲಿ ಓಡಿಹೋಗಿಯೇ ಬಿಡುಗಡೆಯಾಗಬೇಕಾಯಿತು.

ಆಮೇಲಿನ ಕಥೆ ಇನ್ನೂ ಮುಖ್ಯ. 1841ರಿಂದ ಅವನು ವೇದಿಕೆ ಹತ್ತಿದ. ಇಷ್ಟು ಚೆನ್ನಾಗಿ ಮಾತಾಡುವವನು ಗುಲಾಮನಾಗಿದ್ದನೆಂದರೆ ನಂಬುವುದು ಹೇಗೆ ಅಂತ ಜನ ಗುಮಾನಿಪಟ್ಟರು. ಗುಲಾಮಗಿರಿಯ ವಿರುದ್ಧವಿದ್ದ ಬಿಳಿಯ ಗೆಳೆಯರೇ, ನಿನ್ನ ಕಷ್ಟ ಮಾತ್ರ ಹೇಳು, ತತ್ವದ ಮಾತು ನಮಗೆ ಬಿಡು, ಸ್ವಲ್ಪ ತೋಟದಾಳಿನ ಹಾಗೆ ಮಾತಾಡಿದರೆ ಒಳ್ಳೆಯದು ಎಂಬ ಬುದ್ಧಿ ಹೇಳಿದರು. ಅನುಭವ ನಿಮ್ಮದು, ವಿಚಾರ ನಮ್ಮದು! ಈ ಹಂಚಿಕೆ ನಮ್ಮ ವಿಮರ್ಶಕರಿಗೂ ಗೊತ್ತಿರುವುದೇ. ಡಗ್ಲಾಸ್ ಒಪ್ಪಲಿಲ್ಲ. 1845ರಲ್ಲಿ ಧಣಿಗಳ ಹೆಸರುಗಳ ಸಮೇತ ಆತ್ಮಕಥೆ ಬರೆದ. ಹಿಡಿದೊಯ್ಯುವ ಭಯದಿಂದ ದೇಶ ಬಿಡಬೇಕಾಯಿತು.

ಚೆನ್ನಾಗಿ ಆಡಿದರೆ ಗುಮಾನಿ, ಇಲ್ಲವೆ ಆಶ್ಚರ್ಯ. 2007ರಲ್ಲಿ ಜೋ ಬೈಡನ್ ಒಬಾಮಾರನ್ನು 'ಆರ್ಟಿಕ್ಯುಲೇಟ್' ಎಂದು ಹೊಗಳಿದಾಗ ಕರಿಯರು ಸಿಟ್ಟಾದದ್ದು ಇದಕ್ಕೇ. ಬಿಳಿಯ ಸೆನೆಟರನಿಗೆ ಆ ಸರ್ಟಿಫಿಕೇಟು ಯಾರೂ ಕೊಡುವುದಿಲ್ಲ. ಅವನು ಮಾತು ಬಲ್ಲವನೆಂಬುದು ಹುಟ್ಟಿನಿಂದಲೇ ಗಟ್ಟಿ. 'ನಿಮ್ಮವನಾದರೂ ಎಷ್ಟು ಶುದ್ಧವಾಗಿ ಮಾತಾಡ್ತಾನೆ' ಎಂಬ ಹೊಗಳಿಕೆ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಬೇಡ್ಕರ್ ಅವರಿಗೆ ಇಂಗ್ಲಿಷಿನ ಸಿಹಿ ಪದಗಳು ಗೊತ್ತಿರಲಿಲ್ಲವೆ? ಕೊಲಂಬಿಯಾದಲ್ಲೂ ಲಂಡನ್ನಿನಲ್ಲೂ ಓದಿದವರು. 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲಕ್ಕೆ ಭಾಷಣ ಬರೆದಾಗ 'ರಿಫಾರ್ಮ್' ಅನ್ನಬಹುದಿತ್ತು. 'ಅನೈಹಿಲೇಷನ್' ಅಂದರು: ಏನೂ ಉಳಿಯದಂತೆ ಇಲ್ಲವಾಗಿಸುವುದು. ಮಂಡಲದವರು ಕೆಲವು ಮಾತು ಕೈಬಿಡಲು ಕೇಳಿದರು. ಒಂದು ಕಾಮಾ ಕೂಡ ಬದಲಿಸಲಾರೆ ಎಂದರು ಅಂಬೇಡ್ಕರ್. ಸಭೆ ರದ್ದಾಯಿತು. ಸ್ವಂತ ದುಡ್ಡಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಸಭೆಯನ್ನು ಒಲಿಸುವುದಕ್ಕಿಂತ ಸತ್ಯ ಹೇಳುವುದು ದೊಡ್ಡದು ಎಂಬ ವಾದಶಾಸ್ತ್ರ ಯಾವ ಪದಪಟ್ಟಿಯಲ್ಲೂ ಇಲ್ಲ.

ಕನ್ನಡವೇನೂ ಸಾಚಾ ಅಲ್ಲ. ಮೇಲಿನವರು ಆಡಿದರೆ ವಾಗ್ಝರಿ. ನಾವು ಆಡಿದರೆ 'ಇವನಿಗೆ ಬಾಯಿ ಜಾಸ್ತಿ'. ನಮ್ಮ ಹೆಂಗಸರು ಆಡಿದರೆ ಬಜಾರಿ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂಬರ್ಥದ ಮಾತಾಡಿದಾಗ ವಾದಕ್ಕೆ ವಾದ ಹೂಡಿದವರಿಗಿಂತ ಕಲ್ಲು ಹಿಡಿದವರ ಗದ್ದಲವೇ ಜೋರಾಯಿತು. ಮಂತ್ರಿಗಿರಿ ಹೋಯಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು.

ಹಾಗಂತ ಇಂಗ್ಲಿಷ್ ಪದ ಬೇಡ ಅನ್ನುವವರು ನಾವಲ್ಲ. ಹಾಗೆ ಅನ್ನುವವರ ಮಕ್ಕಳು ಕಾನ್ವೆಂಟಿನಲ್ಲಿದ್ದಾರೆ. ನಮ್ಮ ಹುಡುಗರು ಅಷ್ಟೂ ಪದ ಕಲಿಯಲಿ, ಕೋರ್ಟಿನಲ್ಲಿ, ಇಂಟರ್‌ವ್ಯೂನಲ್ಲಿ, ಸಭೆಯಲ್ಲಿ ಬಳಸಲಿ. ಆದರೆ ಆ ಪಟ್ಟಿಗೆ, ಪದ ಮತ್ತು ಅರ್ಥದ ಪಕ್ಕದಲ್ಲಿ, ಮೂರನೆಯ ಕಾಲಂ ಒಂದನ್ನು ತಾವೇ ಗೆರೆ ಎಳೆದು ಹಾಕಿಕೊಳ್ಳಲಿ: ಇದನ್ನು ಯಾರು, ಯಾರಿಗೆ ಅಂದದ್ದು?