ಹಗುರವಾದದ್ದೆಲ್ಲ ಕೈಗೆ ಹಿತವೇ?

ಕಂಪ್ಯೂಟರ್ ಆಟಗಳಲ್ಲಿ ಆಸಕ್ತಿಯುಳ್ಳ ಮಕ್ಕಳಿರುವ ಮನೆಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ಬೇಡಿಕೆ ಕೇಳಿಬರುತ್ತಿದೆ. ಅದು 'ಹಗುರ ಮೌಸ್'. ಮನೆಯಲ್ಲಿರುವ ಮೌಸ್ ಕೆಟ್ಟಿರುವುದಿಲ್ಲ. ಆದರೆ ಅದು ನೂರು ಗ್ರಾಂ ತೂಗುತ್ತದೆ, ಅರವತ್ತು ಗ್ರಾಮಿನದು ಬೇಕು ಎಂಬುದು ಮಕ್ಕಳ ವಾದ. ಹೆಸರಾಂತ ಕಂಪೆನಿಗಳ ಅಂಥ ಮೌಸಿನ ಬೆಲೆ ಹತ್ತು ಸಾವಿರ ರೂಪಾಯಿಯನ್ನೂ ದಾಟುತ್ತದೆ. ತೂಕ ಕಡಿಮೆಯಾದಷ್ಟೂ ಬೆಲೆ ಏರುವ ಪದಾರ್ಥವನ್ನು ಕಂಡು ತಂದೆತಾಯಿಗಳು ಬೆರಗಾದರೆ ಆಶ್ಚರ್ಯವಿಲ್ಲ. ಮಕ್ಕಳಾದರೋ ತಮ್ಮ ವಾದಕ್ಕೆ ಪುರಾವೆಯಾಗಿ, ಕೊಂಡು ಬಳಸಿದವರು ಬರೆದ ಅನುಭವಗಳನ್ನು ಮುಂದಿಡುತ್ತಾರೆ. ಈ ಅನುಭವ ಬರಹಗಳನ್ನು ಒಂದು ಬರವಣಿಗೆಯ ಪ್ರಕಾರವೆಂದೇ ಭಾವಿಸಿ ನಾವು ಓದಿ ನೋಡಿದೆವು. ಅವು ಎಲ್ಲಿ ನೆಚ್ಚಲು ಯೋಗ್ಯ, ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮುಂಬಯಿಯ ವಾಚಕರಿಗೆ ಈ ಚರ್ಚೆ ಅಷ್ಟು ಅಗತ್ಯವೆಂದು ತೋರಲಿಕ್ಕಿಲ್ಲ. ಅವರಿಗೆ ಲ್ಯಾಮಿಂಗ್ಟನ್ ರಸ್ತೆಯಿದೆ. ಅಂಗಡಿ ಹೊಕ್ಕು, ನಾಲ್ಕು ಮೌಸುಗಳನ್ನು ಕೈಯಲ್ಲಿ ಹಿಡಿದು ನೋಡಿ, ಬೇಡವೆನಿಸಿದರೆ ಬರಿಗೈಯಲ್ಲಿ ಹಿಂದಿರುಗಬಹುದು. ಮನ್ಮಾಡಿನಂಥ ಊರಿನಲ್ಲಿರುವವರ ಸ್ಥಿತಿ ಬೇರೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿಗೆ ಹೋಗಿ ಬಂದ ಕನ್ನಡಿಗರಿಗೆಲ್ಲ ಮನ್ಮಾಡ್ ಗೊತ್ತು. ಆದರೆ ಅದು ಗಾಡಿ ನಿಲ್ಲುವ ಊರೆಂದು ಗೊತ್ತು. ಇಲ್ಲಿಂದ ನಾಸಿಕಕ್ಕೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ದಾರಿ, ಛತ್ರಪತಿ ಸಂಭಾಜಿನಗರಕ್ಕೆ ನೂರಕ್ಕೂ ಹೆಚ್ಚು. ಇಂಥ ಸಾಮಾನು ಮನೆಗೆ ಬರುವುದು ಕೊರಿಯರಿನಲ್ಲಿ. ಎಂದಮೇಲೆ, ಇಲ್ಲಿಯವರು ಕೈಯಿಂದ ಹಿಡಿದು ಕೊಳ್ಳುವುದಿಲ್ಲ. ಪರರ ಮಾತನ್ನು ಓದಿ ಕೊಳ್ಳುತ್ತಾರೆ. ಅನುಭವ ಬರೆದವನ ಕೈಯೇ ಇಲ್ಲಿ ನಮ್ಮ ಕೈ. ಆದ್ದರಿಂದ ಆ ಬರಹ ಪ್ರಾಮಾಣಿಕವಾಗಿರಬೇಕಾದದ್ದು ಬರಿಯ ಸಾಹಿತ್ಯದ ಪ್ರಶ್ನೆಯಲ್ಲ. ತಿಂಗಳ ಖರ್ಚಿನ ಪ್ರಶ್ನೆಯೂ ಹೌದು.

ಮೊದಲಿಗೆ ವಸ್ತುವಿನ ಇತಿಹಾಸವನ್ನು ಚುಟುಕಾಗಿ ನೋಡೋಣ. ಅಮೆರಿಕೆಯ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ೧೯೬೪ರಲ್ಲಿ ಮಾಡಿದ ಮೊದಲ ಮೌಸಿನ ಒಡಲು ಮರದ್ದು. ೧೯೬೮ರ ಡಿಸೆಂಬರ್ ೯ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಎಂಗೆಲ್‌ಬಾರ್ಟ್ ಅದನ್ನು ಸಾರ್ವಜನಿಕವಾಗಿ ತೋರಿಸಿದರು. ಮುಂದೆ ಬಂದದ್ದು ಹೊಟ್ಟೆಯಲ್ಲಿ ಗುಂಡು ಉರುಳುವ ಮೌಸ್. ಆ ಗುಂಡನ್ನು ತೆಗೆದು ಧೂಳು ಕೆರೆದ ನೆನಪು ನಮ್ಮಲ್ಲಿ ಅನೇಕರಿಗೆ ಇದ್ದೀತು. ೧೯೯೯ರಲ್ಲಿ ಮೈಕ್ರೊಸಾಫ್ಟಿನ ಇಂಟೆಲಿಮೌಸ್ ಬೆಳಕಿನಿಂದ ನೆಲವನ್ನು ಓದುವ ಬಗೆಯನ್ನು ಮನೆಮನೆಗೆ ತಂದಿತು. ಇದಾದಮೇಲೆ ನಡೆದದ್ದು ಸ್ವಾರಸ್ಯಕರ. ೨೦೦೫ರಲ್ಲಿ ಲಾಜಿಟೆಕ್ ಕಂಪೆನಿ ಜಿ-೫ ಎಂಬ ಆಟದ ಮೌಸಿನ ಜೊತೆಗೆ ಸಣ್ಣ ಲೋಹದ ತುಂಡುಗಳನ್ನು ಕೊಟ್ಟಿತು. ಬಳಸುವವನು ತನ್ನ ಇಷ್ಟದಂತೆ ಅವನ್ನು ಒಳಗಿಟ್ಟು ೩೬ ಗ್ರಾಮಿನವರೆಗೆ ತೂಕ ಏರಿಸಿಕೊಳ್ಳಬಹುದಾಗಿತ್ತು. ಆಗ ಭಾರವೇ ಗಾಂಭೀರ್ಯ, ಭಾರವೇ ಸ್ಥಿರತೆ ಎಂಬ ಹೊಗಳಿಕೆ ನಡೆಯುತ್ತಿತ್ತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಹೊಗಳಿಕೆ ತಲೆಕೆಳಗಾಯಿತು. ಅದೇ ಕಂಪೆನಿಯ ತಂತಿಯಿಲ್ಲದ ಆಟದ ಮೌಸ್ ೨೦೧೮ರಲ್ಲಿ ೮೦ ಗ್ರಾಂ ಇದ್ದದ್ದು, ೨೦೨೦ರ 'ಸೂಪರ್‌ಲೈಟ್' ಆವೃತ್ತಿಯಲ್ಲಿ ೬೩ ಗ್ರಾಮಿಗೂ ಕೆಳಗಿಳಿಯಿತು. ರೇಜರ್ ಕಂಪೆನಿಯ ವೈಪರ್ ೨೦೨೨ರಲ್ಲಿ ೫೮ ಗ್ರಾಮಿಗೂ ೨೦೨೪ರಲ್ಲಿ ೫೪ ಗ್ರಾಮಿಗೂ ಬಂತು. ಮನುಷ್ಯನ ಕೈ ಈ ಹದಿನೈದು ವರ್ಷಗಳಲ್ಲಿ ಬದಲಾಗಲಿಲ್ಲ, ಬದಲಾದದ್ದು ರುಚಿ.

ಹಗುರ ಮಾಡುವ ಕೌಶಲವನ್ನು ಮೆಚ್ಚಲೇಬೇಕು. ೨೦೧೯ರ ಗ್ಲೋರಿಯಸ್ ಮಾಡೆಲ್-ಓ ಮೌಸಿನ ಬೆನ್ನು ಜೇನುಗೂಡಿನಂತೆ ತೂತುತೂತು. ತೂಕ ೬೭ ಗ್ರಾಂ. ಮನ್ಮಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿಯ ರೈಲ್ವೆ ಕಾರ್ಖಾನೆಯಲ್ಲಿ ಶತಮಾನಕ್ಕೂ ಹೆಚ್ಚು ಕಾಲದಿಂದ ಸೇತುವೆಯ ಗರ್ಡರುಗಳು ತಯಾರಾಗುತ್ತ ಬಂದಿವೆ. ಜಾಲರಿಯಂಥ ಗರ್ಡರಿನ ಗುಟ್ಟೂ ಇದೇ: ಎಲ್ಲಿ ಒತ್ತಡ ಬೀಳುವುದಿಲ್ಲವೋ ಅಲ್ಲಿ ಉಕ್ಕು ಬೇಡ, ಎಲ್ಲಿ ಬೀಳುವುದೋ ಅಲ್ಲಿ ಕಡಿಮೆ ಮಾಡಕೂಡದು. ಬರಿದೆ ಕೊರೆದು ಹಗುರ ಮಾಡುವುದು ಬೇರೆ, ಲೆಕ್ಕ ಹಾಕಿ ಹಗುರ ಮಾಡುವುದು ಬೇರೆ. ಅಗ್ಗದ ಅನುಕರಣೆಗಳಲ್ಲಿ ಮೊದಲನೆಯದೇ ಹೆಚ್ಚು. ಬದಿಯನ್ನು ಅದುಮಿದರೆ ಕಿರುಗುಟ್ಟುವ ಮೌಸುಗಳನ್ನು ನಾವು ಕಂಡಿದ್ದೇವೆ. ಅನುಭವ ಬರೆಯುವವರು ಗ್ರಾಮನ್ನು ತಪ್ಪದೆ ಹೇಳುತ್ತಾರೆ. ಅದುಮಿ ನೋಡಿದವರು ವಿರಳ.

ಹಗುರತನಕ್ಕಾಗಿ ಬಿಟ್ಟುಕೊಟ್ಟದ್ದೇನು ಎಂಬ ಪ್ರಶ್ನೆಯೂ ಈ ಬರಹಗಳಲ್ಲಿ ಅಪರೂಪ. ಮೇಲೆ ಹೇಳಿದ ಲಾಜಿಟೆಕ್ಕಿನ ೨೦೧೮ರ ಮೌಸಿನಲ್ಲಿ ಪಕ್ಕದ ಗುಂಡಿಗಳನ್ನು ಎಡಕ್ಕೂ ಬಲಕ್ಕೂ ಜೋಡಿಸಿಕೊಳ್ಳುವ ಅನುಕೂಲವಿತ್ತು. ಎಡಗೈಯವರೂ ಅದನ್ನು ನೆಮ್ಮದಿಯಿಂದ ಬಳಸಬಹುದಾಗಿತ್ತು. ೨೦೨೦ರ ಹಗುರ ಆವೃತ್ತಿಯಲ್ಲಿ ಗುಂಡಿಗಳು ಎಡಪಕ್ಕದಲ್ಲಿ ಮಾತ್ರ, ಅಂದರೆ ಬಲಗೈಯ ಹೆಬ್ಬೆರಳಿಗೆ ಮಾತ್ರ, ಉಳಿದವು. ಬಲಗೈಯವನಿಗೆ ಇದು ಲಾಭವಾಗಿ ಕಂಡರೆ, ಎಡಗೈ ಹುಡುಗಿಯೊಬ್ಬಳಿಗೆ ನಷ್ಟ. ತೂಕದ ಪಟ್ಟಿಯಲ್ಲಿ ಈ ನಷ್ಟ ನಮೂದಾಗುವುದಿಲ್ಲ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ನೂರು ಗ್ರಾಂ ಅರವತ್ತಕ್ಕಿಳಿದರೆ ಕೈಗೆ ಎಷ್ಟು ಹಗುರವಾಗುತ್ತದೆ? ಅನುಭವ ಬರೆಯುವವರು ಇದನ್ನು ನೂರಕ್ಕೆ ನಲವತ್ತರಷ್ಟು ಎಂದೇ ಎಣಿಸುವಂತೆ ತೋರುತ್ತದೆ. ಆದರೆ ಮೌಸ್ ತಾನಾಗಿ ಓಡುವುದಿಲ್ಲ. ಅದರೊಡನೆ ಕೈಯೂ ಓಡಬೇಕು. ಮಣಿಕಟ್ಟಿನಿಂದ ಮುಂದಿನ ಅಂಗೈ ದೇಹದ ತೂಕದ ಸುಮಾರು ೦.೬ ಶೇಕಡಾ ಎಂದು ಶರೀರವಿಜ್ಞಾನದ ಲೆಕ್ಕ. ೬೫ ಕಿಲೋ ತೂಗುವವನಿಗೆ ಹತ್ತಿರ ಹತ್ತಿರ ೪೦೦ ಗ್ರಾಂ ಆಯಿತು. ಮಣಿಕಟ್ಟನ್ನು ತಿರುಗಿಸಿ ಆಡುವವನು ಸರಿಸುವ ಒಟ್ಟು ಭಾರ ಹಾಗಾದರೆ ೫೦೦ ಗ್ರಾಮಿನಿಂದ ೪೬೦ಕ್ಕೆ ಇಳಿಯಿತು; ಉಳಿತಾಯ ನೂರಕ್ಕೆ ಎಂಟು. ಮೊಣಕೈಯಿಂದಲೇ ತೋಳನ್ನು ಬೀಸಿ ಆಡುವವನು ಒಂದೂವರೆ ಕಿಲೋದಷ್ಟನ್ನು ಸರಿಸುತ್ತಾನೆ. ಅವನಿಗೆ ಉಳಿತಾಯ ನೂರಕ್ಕೆ ಮೂರು ಕೂಡ ಇಲ್ಲ.

ಹಾಗಾದರೆ ಹಗುರ ಮೌಸನ್ನು ಹೊಗಳುವವರೆಲ್ಲ ಭ್ರಮೆಗೊಳಗಾದವರೇ? ಹಾಗೆನ್ನುವುದು ಅನ್ಯಾಯವಾದೀತು. ಮೌಸನ್ನು ಹಿಡಿಯುವ ರೀತಿಗಳು ಸಾಮಾನ್ಯವಾಗಿ ಮೂರು: ಅಂಗೈ ಪೂರ್ತಿ ಊರಿ ಹಿಡಿಯುವುದು, ಬೆರಳುಗಳನ್ನು ಪಂಜದಂತೆ ಬಗ್ಗಿಸಿ ಹಿಡಿಯುವುದು, ಬೆರಳ ತುದಿಗಳಿಂದ ಮಾತ್ರ ಹಿಡಿಯುವುದು. ಬೆರಳ ತುದಿಯವನು ಅಂಗೈಯನ್ನು ಮೌಸಿನ ಮೇಲೆ ಹೇರುವುದಿಲ್ಲ, ಬೆರಳಿನಿಂದಲೇ ಅದನ್ನು ನಡೆಸುತ್ತಾನೆ. ಅಲ್ಲಿ ನಲವತ್ತು ಗ್ರಾಂ ದೊಡ್ಡ ಪಾಲೇ. ಹಾಗೆಯೇ, ಆಟದಲ್ಲಿ ಮತ್ತೆ ಮತ್ತೆ ಮೌಸನ್ನು ಎತ್ತಿ ಹಿಂದಕ್ಕಿಡುವ ಅಭ್ಯಾಸವುಳ್ಳವನು ಪ್ರತಿಸಲವೂ ಹೆಬ್ಬೆರಳು-ಕಿರುಬೆರಳುಗಳ ಚಿವುಟಿನಲ್ಲಿ ಅದರ ಪೂರ್ಣ ತೂಕ ಹೊರುತ್ತಾನೆ. ಅಂಗೈ ಊರುವವನಿಗೆ ಮೌಸಿಗಿಂತ ತನ್ನ ಕೈಯ ಒತ್ತಡವೇ ಹೆಚ್ಚು. ನಾವು ಬಲ್ಲ ಒಂದು ಮನೆಯಲ್ಲಿ ಅಣ್ಣತಂಗಿಯರಿಬ್ಬರೂ ಒಂದೇ ಹಗುರ ಮೌಸನ್ನು ಬಳಸುತ್ತಾರೆ. ತಂಗಿ ಇದರ ಮುಂದೆ ಬೇರೆ ಬೇಡವೆನ್ನುತ್ತಾಳೆ. ಅಣ್ಣ ಹಳೆಯದಕ್ಕೂ ಇದಕ್ಕೂ ಏನೂ ಭೇದ ಕಾಣೆನೆನ್ನುತ್ತಾನೆ. ಇಬ್ಬರೂ ನಿಜವನ್ನೇ ಹೇಳುತ್ತಾರೆ. ಅವಳದು ಬೆರಳ ಹಿಡಿತ, ಅವನದು ಅಂಗೈಯ ಹಿಡಿತ. ಕೈಯ ಅಳತೆ, ಹಿಡಿಯುವ ರೀತಿ, ಆಡುವ ಆಟ — ಈ ಮೂರನ್ನು ಹೇಳದ ಅನುಭವ ಕಥನದಿಂದ ಓದುಗನಿಗೆ ಉಪಯೋಗವಿಲ್ಲ. ಸಂತೋಷಪಟ್ಟವನೊಬ್ಬ ಇದ್ದನೆಂಬುದಷ್ಟೇ ಅದರಿಂದ ತಿಳಿಯುವುದು.

ಈ ವಿವೇಕ ನಮಗೆ ಹೊಸದೇನೂ ಅಲ್ಲ. ಮಹಾರಾಷ್ಟ್ರದಲ್ಲಿ ನೆಲೆಸಿದ ನಾವೆಲ್ಲ ಕೇರಂ ಬಲ್ಲವರು. ಸ್ಟ್ರೈಕರಿನ ತೂಕ ೧೫ ಗ್ರಾಂ ಮೀರಬಾರದೆಂಬುದು ನಿಯಮ. ಆದರೆ ಹಗುರವಾದಷ್ಟೂ ಒಳ್ಳೆಯದೆಂದು ಯಾವ ಆಟಗಾರನೂ ಹೇಳಿದ್ದಿಲ್ಲ. ಬೋರ್ಡಿನ ನುಣುಪು, ಪುಡಿಯ ಪ್ರಮಾಣ, ಬೆರಳಿನ ಹೊಡೆತ — ಇವೆಲ್ಲಕ್ಕೆ ಹೊಂದುವ ತೂಕವೇ ಸರಿಯಾದ ತೂಕ. ಅಡಿಗೆಮನೆಯಲ್ಲಿ ತೀರ ಹಗುರವಾದ ಲಟ್ಟಣಿಗೆ ಹಿಡಿದರೆ ಚಪಾತಿಗೆ ರಟ್ಟೆಯ ಒತ್ತಡ ಹೆಚ್ಚು ಬೇಕಾಗುತ್ತದೆ. ಭಾರದ ಲಟ್ಟಣಿಗೆ ಅರ್ಧ ಕೆಲಸ ತಾನೇ ಮಾಡುತ್ತದೆ. ತೆಂಡೂಲ್ಕರ್ ಭಾರವಾದ ಬ್ಯಾಟು ಹಿಡಿದೇ ಆಡಿದವರು. ಮೌಸಿನ ವಿಷಯದಲ್ಲೂ, ಗುರಿಯ ಮೇಲೆ ನಿಧಾನವಾಗಿ ನಿಲ್ಲಿಸಬೇಕಾದಾಗ ಅತಿ ಹಗುರವಾದದ್ದು ಕೈಯ ಸಣ್ಣ ನಡುಕವನ್ನೂ ತೆರೆಗೆ ಒಯ್ಯುತ್ತದೆಂದು ದೂರುವವರುಂಟು. ಅವರ ಮಾತು ಹೊಗಳಿಕೆಯ ಗದ್ದಲದಲ್ಲಿ ಅಡಗಿಹೋಗುತ್ತದೆ.

ತೂಕದ ಬೆನ್ನಿಗೇ ಇನ್ನೆರಡು ಅಂಕಿಗಳು ಬರುತ್ತವೆ. ಒಂದು ಡಿ.ಪಿ.ಐ.; ಪೆಟ್ಟಿಗೆಯ ಮೇಲೆ ೨೫,೬೦೦ ಎಂದು ಮುದ್ರಿಸಿರುತ್ತಾರೆ, ನುರಿತ ಆಟಗಾರರಲ್ಲಿ ಬಹುಮಂದಿ ೪೦೦ರಿಂದ ೧,೬೦೦ರೊಳಗೇ ಇಟ್ಟುಕೊಳ್ಳುತ್ತಾರೆ. ಇನ್ನೊಂದು, ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ ಎಂಬುದು. ಸಾವಿರ ಸಲವಾದರೆ ವರದಿಗೊಂದು ಮಿಲಿಸೆಕೆಂಡು. ಎಂಟು ಸಾವಿರ ಸಲವಾದರೆ ಅದರ ಎಂಟನೆಯ ಒಂದು ಭಾಗ. ಉಳಿತಾಯ ಒಂದು ಮಿಲಿಸೆಕೆಂಡಿಗೂ ಕಡಿಮೆ. ಇತ್ತ ಮನೆಯ ಸಾಧಾರಣ ೬೦ ಹರ್ಟ್ಜ್ ಪರದೆ ಹೊಸ ಚಿತ್ರವನ್ನು ತೋರಿಸಲು ಸುಮಾರು ೧೬.೭ ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ವ್ಯಾಲರಂಟ್ ಆಟದ ಸರ್ವರ್ ಮುಂಬಯಿಯಲ್ಲಿದೆ. ಮನ್ಮಾಡಿನಿಂದ ರೈಲುದಾರಿಯಲ್ಲಿ ಸುಮಾರು ೨೬೦ ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕು ನೇರವಾಗಿ ಓಡಿದರೂ ಹೋಗಿ ಬರಲು ಎರಡೂವರೆ ಮಿಲಿಸೆಕೆಂಡು ಬೇಕು; ನಡುವಿನ ಯಂತ್ರಗಳನ್ನು ಹಾದು ಬರುವಾಗ ಅದು ಎಷ್ಟೋ ಪಟ್ಟು ಹೆಚ್ಚುತ್ತದೆ. ಪರದೆಯಲ್ಲಿ ಕಂಡದ್ದಕ್ಕೆ ಬೆರಳು ಓಗೊಡಲು ಮನುಷ್ಯನಿಗೆ ಇನ್ನೂರು ಮಿಲಿಸೆಕೆಂಡು ಆಸುಪಾಸು ಹಿಡಿಯುತ್ತದೆ. ಇಷ್ಟೆಲ್ಲದರ ನಡುವೆ ಒಂದು ಮಿಲಿಸೆಕೆಂಡಿನ ಭಾಗಕ್ಕೆ ಹಣ ಸುರಿಯುವ ಮೊದಲು ಪರದೆಯನ್ನೂ ಇಂಟರ್‌ನೆಟ್ಟನ್ನೂ ನೋಡಿಕೊಳ್ಳುವುದು ಲೇಸು.

ಈ ಬರಹಗಳ ಮೇಲೆ ನಮ್ಮ ದೊಡ್ಡ ಆಕ್ಷೇಪ ಕಾಲದ ಬಗ್ಗೆ. ಬಹುಪಾಲು ಅನುಭವಗಳು ಪೆಟ್ಟಿಗೆ ಬಿಚ್ಚಿದ ಮೊದಲ ವಾರದವು. ಮದುವೆಯಾದ ವಾರದಲ್ಲಿ ದಾಂಪತ್ಯದ ವಿಮರ್ಶೆ ಬರೆದಂತೆ! ಮೌಸಿನ ಗುಣದೋಷ ತಿಳಿಯುವುದು ತಿಂಗಳುಗಳ ಮೇಲೆ. ಗುಂಡಿಯ ಕೆಳಗಿರುವ ಸಣ್ಣ ಲೋಹದ ಎಲೆ ಸವೆದಾಗ, ಸಂಪರ್ಕದಲ್ಲಿ ಕಿಲುಬು ಕೂತಾಗ, ಒಂದು ಸಲ ಒತ್ತಿದ್ದನ್ನು ಯಂತ್ರ ಎರಡು ಸಲ ಎಂದು ಓದತೊಡಗುತ್ತದೆ. ಬೆಳಕಿನಿಂದ ಕೆಲಸ ಮಾಡುವ ಗುಂಡಿಗಳಲ್ಲಿ ಈ ತೊಂದರೆ ಇಲ್ಲ. ಯಾವ ಬಗೆಯ ಗುಂಡಿಯೆಂದು ಕೇಳಿ ಕೊಳ್ಳುವುದು ಒಳ್ಳೆಯದು. ತೂತಿನ ಬೆನ್ನುಳ್ಳ ಮೌಸಿನೊಳಕ್ಕೆ ಬೆವರೂ ಧೂಳೂ ಇಳಿಯುತ್ತವೆ. ನೀರಿಗೆ ಬರ, ಧೂಳಿಗೆ ಬರವಿಲ್ಲದ ಮನ್ಮಾಡಿನ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಅಡಿಯ ಟೆಫ್ಲಾನ್ ಪಾದಗಳು ಸವೆದರೆ ಹಗುರವೂ ಭಾರವಾಗಿ ಎಳೆಯುತ್ತದೆ. ವರ್ಷದ ಮೇಲೆ ಎರಡೆರಡು ಸಲ ಒತ್ತತೊಡಗಿದ ಮೌಸೊಂದನ್ನು ನಮ್ಮ ಪರಿಚಯದ ಮನೆಯವರು ವಾರಂಟಿಗೆ ಕಳುಹಿಸಿ, ತಿಂಗಳುಗಟ್ಟಲೆ ಕೊರಿಯರಿನ ದಾರಿ ಕಾದರು. ಆ ಮೌಸಿನ ಬಗೆಗೆ ಮೊದಲ ವಾರದಲ್ಲಿ ಹುಡುಗ ಬರೆದ ಹೊಗಳಿಕೆ ಮಾತ್ರ ಹಾಗೆಯೇ ಉಳಿದಿದೆ. ಅದನ್ನು ಓದಿ ಇನ್ನೆಷ್ಟು ಮಂದಿ ಕೊಂಡರೋ!

ಮಣಿಕಟ್ಟಿನ ನೋವಿನ ಬಗ್ಗೆಯೂ ಒಂದು ಮಾತು. ಹಗುರ ಮೌಸಿನಿಂದ ನೋವು ಹೋಯಿತೆಂದು ಬರೆಯುವವರಿದ್ದಾರೆ. ಅದು ಅವರ ಮಟ್ಟಿಗೆ ನಿಜವಿರಬಹುದು. ಆದರೆ ಊಟದ ಮೇಜಿನ ಎತ್ತರಕ್ಕೆ ತೋಳೆತ್ತಿ, ಬಿಡುವಿಲ್ಲದೆ ನಾಲ್ಕು ತಾಸು ಕೂರುವ ಹುಡುಗನಿಗೆ ನಲವತ್ತು ಗ್ರಾಂ ಔಷಧವಾಗಲಾರದು. ಕುರ್ಚಿ-ಮೇಜಿನ ಎತ್ತರ ಸರಿಪಡಿಸುವುದು, ನಡುನಡುವೆ ಎದ್ದು ಕೈ ಬಿಡಿಸುವುದು ಮೊದಲ ಉಪಾಯ. ನೋವು ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕೇ ಹೊರತು ಮೌಸಿನ ಅಂಗಡಿಯನ್ನಲ್ಲ.

ಹೀಗೆಂದು ನಾವು ಈ ಆಟಗಳನ್ನಾಗಲಿ ಮಕ್ಕಳ ಆಸಕ್ತಿಯನ್ನಾಗಲಿ ಹಗುರವಾಗಿ ಕಾಣುತ್ತಿಲ್ಲ. ೨೦೨೩ರಲ್ಲಿ ಹಾಂಗ್‌ಝೌದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸಿಗೆ ಪದಕಗಳಿದ್ದವು. ಮಗು ತನ್ನ ಉಪಕರಣದ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸುತ್ತದೆಂಬುದೇ ಸಂತೋಷದ ಸಂಗತಿ. ನಮ್ಮ ಕೊರಗು ಬೇರೆ. ಈ ಸೂಕ್ಷ್ಮವನ್ನೆಲ್ಲ ಅವರು ಎರವಲು ಇಂಗ್ಲಿಷಿನಲ್ಲಿ, ಎಲ್ಲರೂ ಹೇಳುವ ನಾಲ್ಕೇ ಪದಗಳಲ್ಲಿ ಹೇಳುತ್ತಾರೆ. ಉಪಕರಣವನ್ನು ಕೈಯಿಂದ ಅಳೆದು ಹೇಳುವ ಮಾತು ಕನ್ನಡದಲ್ಲಿ ಎಷ್ಟಿದೆ! ಹಿಡಿತ, ಬಿಗಿ, ಸಡಿಲ, ಅಳ್ಳಕ, ಜಡ, ನುಣುಪು, ಜಾರು, ಹದ. ಕೈಗೆ ಒಗ್ಗಿತು, ಕೈಗೆ ಕೂತಿತು, ಕೈ ಬಿಟ್ಟಿತು. ಬಡಗಿಯೂ ಕ್ಷೌರಿಕನೂ ರೊಟ್ಟಿ ಬಡಿಯುವ ತಾಯಿಯೂ ಬಳಸುವ ಈ ಮಾತುಗಳು ಗ್ರಾಮಿನ ಅಂಕಿಗಿಂತ ಹೆಚ್ಚು ಖಚಿತ. ಊರು ಬಿಟ್ಟು ಬಂದ ಮನೆಗಳಲ್ಲಿ ಕನ್ನಡ ಹಬ್ಬ ಹರಿದಿನಗಳಿಗಷ್ಟೇ ಮೀಸಲಾಗಿ, ಮಕ್ಕಳಿಗೆ ಪ್ರಿಯವಾದ ವಸ್ತುಗಳ ಹತ್ತಿರ ಸುಳಿಯದೇ ಹೋದರೆ, ಅವರಿಗೆ ಅದು ಅಜ್ಜಿಯ ಭಾಷೆಯಾಗಿಯೇ ಉಳಿದೀತು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು. ಬೆರಳ ತುದಿಯಿಂದ ಹಿಡಿಯುವವರು, ಮೌಸನ್ನು ಪದೇ ಪದೇ ಎತ್ತಿಡುವವರು, ವೇಗದ ಗುರಿಯಾಟ ಆಡುವವರು ಹಗುರವಾದದ್ದನ್ನು ಧಾರಾಳವಾಗಿ ಕೊಳ್ಳಲಿ. ಉಳಿದವರು ಮೊದಲು ಆಕಾರ ನೋಡಲಿ, ಆಮೇಲೆ ಗುಂಡಿ, ಕೊನೆಗೆ ತೂಕ. ಕೊಳ್ಳುವ ಮುನ್ನ ಸ್ನೇಹಿತನ ಮನೆಯಲ್ಲಿ ಒಂದು ತಾಸಾದರೂ ಹಿಡಿದು ನೋಡಲಿ. ಕೊಂಡವರು ಆರು ತಿಂಗಳು ಕಳೆದ ಮೇಲೆ ತಮ್ಮ ಕೈಯ ಅಳತೆ, ಹಿಡಿಯುವ ರೀತಿ, ಕಂಡ ದೋಷ ಎಲ್ಲವನ್ನೂ ಹೇಳಿ ಕನ್ನಡದಲ್ಲಿ ಒಂದು ಪುಟ ಬರೆಯಲಿ. ಅಂಥ ಪುಟವೊಂದು ಈ ಮಾಸಿಕಕ್ಕೆ ಮಕ್ಕಳಿಂದಲೇ ಬಂದರೆ, ಅಂಗಡಿಯಿಲ್ಲದ ಊರಿನಲ್ಲಿರುವ ಎಷ್ಟೋ ಕನ್ನಡ ಮನೆಗಳಿಗೆ ನಮ್ಮ ಈ ಲೇಖನಕ್ಕಿಂತ ಅದು ಹೆಚ್ಚು ಪ್ರಯೋಜನಕರವಾದೀತು.